ಒಳಗೆ ಹೊಕ್ಕವನೂ ಬಾಗಿಲು ತೆರೆದವನೂ



ಹೋದ ಬೇಸಿಗೆಯ ರಜೆಯಲ್ಲಿ ಒಂದು ಭಾನುವಾರ, ಆರಾಧನೆ ತೀರಿ ಜನರೆಲ್ಲರು ಹೊರಟುಹೋದ ಬಳಿಕ, ನಮ್ಮ ಸಭೆಯ ಒಬ್ಬ ಯೌವನಸ್ಥನು ದೇವಾಲಯದ ಜಗಲಿಯ ಮೇಲೆ ನನಗಾಗಿ ಕಾದು ಕುಳಿತಿದ್ದನು. ಅವನು ಪಟ್ಟಣದ ಕಾಲೇಜಿನಲ್ಲಿ ಓದುವವನು. "ಅಯ್ಯನವರೇ, ದೆವ್ವವು ಒಬ್ಬ ಮನುಷ್ಯನ ಮೈಯಲ್ಲಿ ಹೊಕ್ಕು ಅವನ ಕೈಯಿಂದ ಕೊಲೆ ಮಾಡಿಸಿದರೆ, ಆ ಪಾಪವು ಯಾರ ತಲೆಯ ಮೇಲೆ ಬರುವದು? ದೆವ್ವದ ತಲೆಯ ಮೇಲೋ, ಆ ಮನುಷ್ಯನ ತಲೆಯ ಮೇಲೋ?" ಎಂದು ಕೇಳಿದನು. ಈ ಪ್ರಶ್ನೆ ಎಲ್ಲಿಂದ ಬಂತಪ್ಪಾ ಎಂದು ವಿಚಾರಿಸಲಾಗಿ, ತಾನು ಮೊಬೈಲಿನಲ್ಲಿ ನೋಡಿದ ಒಂದು ಅಮೇರಿಕದ ಧಾರಾವಾಹಿಯ ಕಥೆಯನ್ನು ಹೇಳಿದನು. ನಾನು ಆ ದಿನ ಕೊಟ್ಟ ಉತ್ತರವು ನನಗೇ ತೃಪ್ತಿಕರವಾಗಿರಲಿಲ್ಲ. ಆದಕಾರಣ ಆ ಧಾರಾವಾಹಿಯನ್ನು ನಾನೂ ನೋಡಿದೆನು; ಕೆಲವು ಭಾಗಗಳನ್ನು ಎರಡು ಸಾರಿ ನೋಡಿದೆನು. ಉಪದೇಶಿಯಾದವನು ಇಂಥಾದ್ದನ್ನು ನೋಡಬಹುದೋ ಎಂದು ಹಿರಿಯರು ಕೇಳಿಯಾರು. ಉತ್ತರ ಕೊಡಬೇಕಾದವನು ಪ್ರಶ್ನೆಯು ಹುಟ್ಟಿದ ಸ್ಥಳಕ್ಕೆ ಹೋಗದೆ ಹೇಗೆ ಉತ್ತರ ಕೊಟ್ಟಾನು? ಆದರೆ ಈ ಪತ್ರಿಕೆಯನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳುವ ರೂಢಿಯುಳ್ಳವರು ಈ ಲೇಖನವನ್ನು ಮೊದಲು ತಾವೇ ಓದಿಕೊಂಡು, ಸಣ್ಣ ಮಕ್ಕಳು ಮಲಗಿದ ಮೇಲೆ ದೊಡ್ಡವರ ಮುಂದೆ ಓದುವದು ಒಳ್ಳೇದು.

ಆ ಧಾರಾವಾಹಿಯ ಹೆಸರು 'ಟ್ವಿನ್ ಪೀಕ್ಸ್'. ಜೋಡಿ ಶಿಖರಗಳೆಂದು ಅರ್ಥ. ಮಾರ್ಕ್ ಫ್ರಾಸ್ಟ್, ಡೇವಿಡ್ ಲಿಂಚ್ ಎಂಬಿಬ್ಬರು ಕೂಡಿ ಅದನ್ನು ರಚಿಸಿದರು. ಎ.ಬಿ.ಸಿ. ಎಂಬ ಅಮೇರಿಕದ ಟೆಲಿವಿಷನ್ ಸಂಸ್ಥೆಯು 1990ನೇ ಇಸವಿಯ ಏಪ್ರಿಲ್ 8ರಂದು ಅದನ್ನು ತೋರಿಸಲಾರಂಭಿಸಿ, ಮರುವರುಷದ ಜೂನ್ ತಿಂಗಳಲ್ಲಿ 30 ಕಂತುಗಳಿಗೆ ನಿಲ್ಲಿಸಿತು. ಟ್ವಿನ್ ಪೀಕ್ಸ್ ಎಂಬದು ಕಲ್ಪನೆಯ ಊರು. ಅಮೇರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್‌ಟನ್ ಸಂಸ್ಥಾನದಲ್ಲಿ ಅದು ಇರುವದಾಗಿ ಕಥೆ ಹೇಳುತ್ತದೆ. ಸುತ್ತಲೂ ಕಾಡು, ಮರ ಕೊಯ್ಯುವ ಕಾರ್ಖಾನೆ, ದೊಡ್ಡದೊಂದು ಜಲಪಾತ. ಜಲಪಾತ ಮಾತ್ರ ಕಲ್ಪನೆಯದಲ್ಲ. ಆ ಸಂಸ್ಥಾನದ ಸ್ನೋಕ್ವಾಲ್ಮಿ ಎಂಬ ಸ್ಥಳದಲ್ಲಿ ಇಂದಿಗೂ ಧುಮುಕುತ್ತಿದೆ.

ಒಂದು ದಿನ ಬೆಳಿಗ್ಗೆ ಮೀನು ಹಿಡಿಯುವದಕ್ಕೆ ಹೋದ ಒಬ್ಬನು ನೀರಿನ ದಡದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಶವವನ್ನು ಕಾಣುತ್ತಾನೆ. ಅದು ಲಾರಾ ಪಾಮರ್ ಎಂಬ ಹದಿನೇಳು ವರುಷದ ಹುಡುಗಿಯ ಶವ. ಆಕೆಯು ಊರಿನ ಕಣ್ಮಣಿ. ಶಾಲೆಯಲ್ಲಿ ಎಲ್ಲರು ಮೆಚ್ಚಿದವಳು. ಹೊರಗೆ ಬರಲಾರದ ಮುದುಕರ ಮನೆಗಳಿಗೆ ಊಟ ಕೊಂಡುಹೋಗಿ ಕೊಡುತ್ತಿದ್ದವಳು. ಅವಳ ತಂದೆಯಾದ ಲೀಲ್ಯಾಂಡ್ ಪಾಮರನು ಗೌರವಸ್ಥನಾದ ವಕೀಲನು. ಎಫ್.ಬಿ.ಐ. ಎಂಬ ಕೇಂದ್ರ ತನಿಖಾ ಸಂಸ್ಥೆಯಿಂದ ಡೇಲ್ ಕೂಪರನೆಂಬ ಅಧಿಕಾರಿಯು ವಿಚಾರಣೆಗೆ ಬರುತ್ತಾನೆ. ಅವನು ಬುದ್ಧಿವಂತನೂ ದಯಾಪರನೂ ಆದ ಮನುಷ್ಯನು. ಆದರೆ ಅವನ ಪದ್ಧತಿ ವಿಚಿತ್ರವಾದದ್ದು. ಸಂಶಯವುಳ್ಳವರ ಹೆಸರುಗಳನ್ನು ಒಂದೊಂದಾಗಿ ಓದಿಸಿ, ದೂರದಲ್ಲಿಟ್ಟ ಬಾಟ್ಲಿಗೆ ಕಲ್ಲೆಸೆದು, ಯಾವ ಹೆಸರಿಗೆ ಕಲ್ಲು ತಾಗಿತೆಂದು ನೋಡುತ್ತಾನೆ. ಇದು ನನಗೆ ಸ್ವಲ್ಪವೂ ಸರಿಬರಲಿಲ್ಲ. ಬಳಿಕ ಅವನಿಗೆ ಒಂದು ಕನಸು ಬೀಳುತ್ತದೆ. ಸತ್ತ ಹುಡುಗಿಯ ರೂಪದವಳು ಅವನ ಕಿವಿಯಲ್ಲಿ ಕೊಂದವನ ಹೆಸರನ್ನು ಉಸುರುತ್ತಾಳೆ. ಅವನು ಎದ್ದು, ಊರಿನ ಪೋಲೀಸ್ ಮುಖ್ಯಸ್ಥನಾದ ಟ್ರೂಮನನಿಗೆ ರಾತ್ರಿಯಲ್ಲೇ ಫೋನ್ ಮಾಡಿ, ಕೊಲೆಗಾರನು ಯಾರೆಂದು ತಿಳಿಯಿತು, ಬೆಳಿಗ್ಗೆ ಹೇಳುವೆನು ಎನ್ನುತ್ತಾನೆ. ಬೆಳಗಾಗುವಷ್ಟರಲ್ಲಿ ಹೆಸರು ಮರೆತುಹೋಗಿರುತ್ತದೆ!

ಇಲ್ಲಿ ನಾನು ನಕ್ಕೆನು. ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಯಾಕಂದರೆ ಆ ಹೆಸರು ಮರೆತುದರಿಂದ ಮತ್ತೊಬ್ಬ ಹುಡುಗಿಯ ಪ್ರಾಣ ಹೋಗುತ್ತದೆ. ಊರಿನ ಧನಿಕನೊಬ್ಬನನ್ನು ಪೋಲೀಸರು ಹಿಡಿದು ಸೆರೆಯಲ್ಲಿಟ್ಟ ಅದೇ ರಾತ್ರಿ, ಸತ್ತವಳ ತಾಯಿಯ ಕಡೆಯ ನೆಂಟಳೂ ಅವಳನ್ನೇ ಹೋಲುವವಳೂ ಆದ ಮ್ಯಾಡಿಯು ಕೊಲ್ಲಲ್ಪಡುತ್ತಾಳೆ. ಇಬ್ಬರು ಮೂವರು ಸಾಕ್ಷಿಗಳ ಬಾಯಿಂದಲೇ ಸಂಗತಿಯು ಸ್ಥಿರವಾಗಬೇಕೆಂಬ ಮೋಶೆಯ ಕಾಲದ ನಿಯಮವು ಎಷ್ಟು ವಿವೇಕವುಳ್ಳದ್ದು! ಕನಸು ಒಬ್ಬನಿಗೇ ಬೀಳುತ್ತದೆ, ಅದನ್ನು ಎರಡನೆಯವನು ಪರೀಕ್ಷಿಸಲಾರನು.

ನೋಡುವವರಿಗೆ ಕೊಲೆಗಾರನ ಮುಖವನ್ನು 1990ರ ನವೆಂಬರ್ 10ರಂದು ತೋರಿಸಿದರು. ಲೀಲ್ಯಾಂಡನು ತನ್ನ ಮನೆಯ ಕನ್ನಡಿಯ ಮುಂದೆ ನಿಲ್ಲುತ್ತಾನೆ. ಕನ್ನಡಿಯೊಳಗೆ ಉದ್ದ ಕೂದಲಿನ, ಹಲ್ಲು ಕಿರಿಯುವ ಬೇರೊಬ್ಬನು ಕಾಣುತ್ತಾನೆ. ಅವನೇ ಬಾಬ್ ಎಂಬ ದುರಾತ್ಮ. ತಂದೆಯೇ ಮಗಳನ್ನು ಕೊಂದವನು. ಅಷ್ಟುಮಾತ್ರವಲ್ಲ, ಹನ್ನೆರಡನೆಯ ವಯಸ್ಸಿನಿಂದ ಅವಳನ್ನು ಕೆಡಿಸುತ್ತಾ ಬಂದವನೂ ಅವನೇ. ಅವಳು ತನ್ನ ಗುಟ್ಟಿನ ದಿನಚರಿಯಲ್ಲಿ ತಂದೆಯ ಹೆಸರನ್ನು ಬರೆಯದೆ ಬಾಬನ ಹೆಸರನ್ನು ಬರೆದಿದ್ದಳು. ಎರಡು ಕಂತುಗಳ ತರುವಾಯ ಲೀಲ್ಯಾಂಡನು ಸಿಕ್ಕಿಬೀಳುತ್ತಾನೆ. ಸೆರೆಮನೆಯ ಕೋಣೆಯಲ್ಲಿ ಆ ದುರಾತ್ಮವು ಅವನ ಬಾಯಿಂದ ಎಲ್ಲವನ್ನು ಒಪ್ಪಿಕೊಂಡು, ಅವನ ತಲೆಯನ್ನು ಬಾಗಿಲಿಗೆ ಅಪ್ಪಳಿಸಿ, ಅವನನ್ನು ಬಿಟ್ಟುಹೋಗುತ್ತದೆ. ಸಾಯುವ ಗಳಿಗೆಯಲ್ಲಿ ಅವನು ಅತ್ತು ಹೇಳುವದೇನಂದರೆ: ನಾನು ಹುಡುಗನಾಗಿದ್ದಾಗ ಅವನು ಕನಸಿನಲ್ಲಿ ಬಂದನು, ಆಟಕ್ಕೆ ಕರೆದನು, ನಾನು ಅವನನ್ನು ಒಳಗೆ ಬರಮಾಡಿಕೊಂಡೆನು, ಅವನು ನನ್ನೊಳಗಿರುವಾಗ ನನಗೆ ತಿಳಿಯುತ್ತಿರಲಿಲ್ಲ, ಹೋದ ಮೇಲೆ ನೆನಪಿರುತ್ತಿರಲಿಲ್ಲ. ಕೂಪರನು ಆ ಪಾಪಿಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆಳಕಿನ ಕಡೆಗೆ ಹೋಗೆಂದು ಸಮಾಧಾನ ಹೇಳುತ್ತಾನೆ. ಅದನ್ನು ನೋಡಿ ನನ್ನ ಕಣ್ಣಲ್ಲಿಯೂ ನೀರು ಬಂದಿತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ನನ್ನ ನಿದ್ರೆಯನ್ನು ಕೆಡಿಸಿದ್ದು ಅದರ ಮುಂದಿನ ದೃಶ್ಯ. ವಿಚಾರಣೆ ಮಾಡಿದವರು ಕಾಡಿನಲ್ಲಿ ಕೂಡಿಕೊಂಡು ಮಾತಾಡುತ್ತಾರೆ. ಟ್ರೂಮನನು, ಈ ದುರಾತ್ಮದ ಸಂಗತಿಯನ್ನು ನಾನು ನಂಬಲಾರೆನು ಎನ್ನುತ್ತಾನೆ. ಅದಕ್ಕೆ ಕೂಪರನು, ತಂದೆಯಾದವನು ಹೆತ್ತ ಮಗಳನ್ನು ಕೆಡಿಸಿ ಕೊಂದನೆಂದು ನಂಬುವದು ನಿನಗೆ ಇದಕ್ಕಿಂತ ಸುಲಭವೋ ಎಂದು ಕೇಳುತ್ತಾನೆ. ಮತ್ತೊಬ್ಬನು, ಮನುಷ್ಯರು ಮಾಡುವ ಕೇಡಿಗೇ ಬಾಬ್ ಎಂಬ ಹೆಸರಿರಬಹುದೇನೋ ಎನ್ನುತ್ತಾನೆ. ಕೂಪರನ ಪ್ರಶ್ನೆಯನ್ನು ಚೆನ್ನಾಗಿ ಗಮನಿಸಿರಿ. ಯಾವದು ಸತ್ಯವೆಂದು ಅವನು ಕೇಳಲಿಲ್ಲ, ಯಾವದು ಸುಲಭವೆಂದು ಕೇಳಿದನು. ದುರಾತ್ಮವನ್ನು ನಂಬಿದರೆ ನೆರೆಮನೆಯ ವಕೀಲನು ನಿರ್ದೋಷಿ, ಅವನ ಹೆಂಡತಿಯ ಮೌನವು ನಿರ್ದೋಷ, ಆ ಮನೆಯಲ್ಲಿ ಊಟ ಮಾಡಿಬಂದ ನಾವೆಲ್ಲರೂ ನಿರ್ದೋಷಿಗಳು. ಒಂದು ದೆವ್ವದ ಮೇಲೆ ಇಡೀ ಊರಿನ ಭಾರವನ್ನು ಹೊರಿಸಬಹುದು.

ದೆವ್ವವು ಹೊಕ್ಕಿತ್ತೆಂದೇ ಇಟ್ಟುಕೊಳ್ಳೋಣ. ಆ ಮನುಷ್ಯನ ಲೆಕ್ಕ ತೀರಿತೋ? ಈ ಪ್ರಶ್ನೆ ನ್ಯಾಯಾಲಯಗಳಿಗೂ ಹೊಸದಲ್ಲ. 1843ರಲ್ಲಿ ಲಂಡನಿನಲ್ಲಿ ಮ್ಯಾಕ್‌ನಾಟನ್ ಎಂಬವನು, ಸರಕಾರದವರು ತನ್ನನ್ನು ಬೆನ್ನಟ್ಟುತ್ತಾರೆಂಬ ಭ್ರಮೆಯಿಂದ, ಪ್ರಧಾನ ಮಂತ್ರಿಯಾದ ರಾಬರ್ಟ್ ಪೀಲನ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದನು. ಅವನು ಬುದ್ಧಿಸ್ವಾಧೀನವಿಲ್ಲದವನಾದ್ದರಿಂದ ಅಪರಾಧಿಯಲ್ಲವೆಂದು ತೀರ್ಪಾದಾಗ ದೊಡ್ಡ ಗದ್ದಲವಾಗಿ, ನ್ಯಾಯಾಧೀಶರು ಒಂದು ಸೂತ್ರವನ್ನು ಹೇಳಿದರು: ಮನೋರೋಗದಿಂದ ತಾನು ಮಾಡುವದು ಏನೆಂದಾಗಲಿ, ಅದು ತಪ್ಪೆಂದಾಗಲಿ ತಿಳಿಯಲಾರದವನು ಮಾತ್ರ ಅಪರಾಧಿಯಲ್ಲ. ಅದೇ ತತ್ವವು 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಮಿನಲ್ಲಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ 22ನೇ ಕಲಮಾಗಿದೆ. ಇದು ದಯೆಯುಳ್ಳ ನ್ಯಾಯವೇ. ರೋಗಿಗೆ ವೈದ್ಯನು ಬೇಕು, ಬೇಡಿ ಬೇಡ. ಆದರೆ ದೆವ್ವದ ಮಾತು ಬೇರೆ. 1981ರಲ್ಲಿ ಅಮೇರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಒಬ್ಬ ಯೌವನಸ್ಥನು ತನ್ನ ಮನೆಯ ಯಜಮಾನನನ್ನು ಚಾಕುವಿನಿಂದ ಇರಿದು ಕೊಂದನು. ದೆವ್ವವು ಮಾಡಿಸಿತೆಂದು ಅವನ ವಕೀಲನು ವಾದಿಸಹೋದಾಗ, ನ್ಯಾಯಾಧೀಶನು ಅಂಥಾ ಪ್ರತಿವಾದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಇದಕ್ಕೆ ಪುರಾವೆ ತರುವದು ಸಾಧ್ಯವಿಲ್ಲವೆಂದನು. ಆ ಯೌವನಸ್ಥನಿಗೆ ಶಿಕ್ಷೆಯಾಯಿತು.

ನ್ಯಾಯಾಲಯವು ದೆವ್ವವನ್ನು ಅರಿಯದು, ಸತ್ಯವೇದವು ಅರಿಯುತ್ತದಲ್ಲಾ ಎಂದು ನೀವು ಹೇಳಬಹುದು. ಹೌದು, ಅರಿಯುತ್ತದೆ. ಆದರೆ ಹೇಗೆ ಅರಿಯುತ್ತದೆಂದು ನೋಡಿರಿ. ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ಇದ್ದವನು ಕಲ್ಲುಗಳಿಂದ ತನ್ನನ್ನೇ ಕೊಯ್ದುಕೊಳ್ಳುತ್ತಿದ್ದನು. ಕರ್ತನು ಅವನನ್ನು ಬಯ್ಯಲಿಲ್ಲ, ಬಿಡಿಸಿದನು. ಯೂದನ ಸಂಗತಿ ಹಾಗಲ್ಲ. ಸೈತಾನನು ಅವನೊಳಗೆ ಹೊಕ್ಕನೆಂದು ಸುವಾರ್ತೆಯೇ ಹೇಳುತ್ತದೆ. ಆದರೂ ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ತಂದಾಗ ಅವನು ಸೈತಾನನ ಹೆಸರನ್ನು ಎತ್ತಲಿಲ್ಲ. ಪಾಪ ಮಾಡಿದವನು ತಾನೇ ಎಂದು ಒಪ್ಪಿಕೊಂಡನು. ಆ ಹಾಳಾದ ಮನುಷ್ಯನ ಬಾಯಿಂದ ಬಂದ ಈ ಒಂದು ಮಾತು ಸತ್ಯವಾದದ್ದು. ಏದೆನಿನಲ್ಲಿಯಾದರೋ ಪುರುಷನು ಸ್ತ್ರೀಯನ್ನು ತೋರಿಸಿದನು, ಸ್ತ್ರೀಯು ಸರ್ಪವನ್ನು ತೋರಿಸಿದಳು. ಸರ್ಪಕ್ಕೆ ಶಾಪ ಬಂದಿತು, ಆದರೂ ಅವರಿಬ್ಬರೂ ತೋಟದಿಂದ ಹೊರಗಾದರು. ಕಾಯಿನನಿಗೆ ಪಾಪವು ಬಾಗಿಲಲ್ಲಿ ಹೊಂಚಿಕೊಂಡಿದೆ ಎಂಬ ಎಚ್ಚರಿಕೆಯು ಮುಂಚಿತವಾಗಿ ಸಿಕ್ಕಿತ್ತು. ಬಾಗಿಲು ಅವನ ಕೈಯಲ್ಲಿತ್ತು.

ಇಲ್ಲಿ ಒಂದು ಕಷ್ಟವುಂಟು, ಅದನ್ನು ಮುಚ್ಚಿಡಲಾರೆನು. ಲೀಲ್ಯಾಂಡನು ಬಾಗಿಲು ತೆರೆದಾಗ ಬಾಲಕನಾಗಿದ್ದನಲ್ಲಾ? ಆಟಕ್ಕೆ ಕರೆದವನ ಕೈ ಹಿಡಿದ ಹುಡುಗನಿಗೆ ಏನು ತಿಳಿದೀತು? ಅವನ ಮಾತನ್ನು ಮತ್ತೆ ಕೇಳಿದಾಗ, ಬಾಲ್ಯದಲ್ಲಿ ಯಾವನೋ ದೊಡ್ಡವನು ಅವನಿಗೂ ಇದೇ ಕೇಡನ್ನು ಮಾಡಿದ್ದನೋ ಎಂಬ ಯೋಚನೆ ನನಗೆ ಬಂದಿತು. ಹಾಗಿದ್ದರೆ ಆ ಬಾಲಕನ ಮೇಲೆ ದೋಷವಿಲ್ಲ, ಅವನಿಗಾಗಿ ಅಳಬೇಕು. ಆದರೆ ಬಾಲಕನಿಗಾಗಿ ಅತ್ತ ಕಣ್ಣೀರಿನಿಂದ ದೊಡ್ಡವನ ಕೈಯ ರಕ್ತವನ್ನು ತೊಳೆಯಬಾರದು. ಕಥೆಯನ್ನು ರಚಿಸಿದವರಿಗೂ ಇದು ಹೊಳೆದಿರಬೇಕೆಂದು ಕಾಣುತ್ತದೆ. ಯಾಕಂದರೆ ಧಾರಾವಾಹಿಯು ನಿಂತ ಮೇಲೆ ಲಿಂಚನು 1992ರಲ್ಲಿ ಆ ಹುಡುಗಿಯ ಕಡೇ ಏಳು ದಿನಗಳ ಸಂಗತಿಯನ್ನು ಒಂದು ಚಲನಚಿತ್ರವಾಗಿ ಮಾಡಿದನು. ಅದರಲ್ಲಿ ತಂದೆಯು ರಾತ್ರಿ ಹೆಂಡತಿಗೆ ಹಾಲಿನಲ್ಲಿ ಮದ್ದು ಬೆರೆಸಿ ಕುಡಿಸಿ, ಅವಳು ನಿದ್ರೆಹೋದ ಮೇಲೆ ಮಗಳ ಕೋಣೆಗೆ ಹೋಗುತ್ತಾನೆ. ಕೊಲ್ಲುವದಕ್ಕೆ ಮುಂಚೆ ಅವಳ ದಿನಚರಿಯ ಹಾಳೆಗಳನ್ನು ಹಿಡಿದು, ಅವನು ತಾನೇ ಎಂದು ಅವಳಿಗೆ ತಿಳಿದಿತ್ತೆಂದು ಎಣಿಸಿದ್ದೆನು ಎನ್ನುತ್ತಾನೆ. ವಾಚಕರೇ, ಹಾಲಿಗೆ ಮದ್ದು ಬೆರೆಸುವವನು ಅರಿಯದವನಲ್ಲ. ತಪ್ಪೆಂದು ತಿಳಿದವನೇ ಸಾಕ್ಷಿಯ ಕಣ್ಣನ್ನು ಮುಚ್ಚಿಸುತ್ತಾನೆ. ನಾನು ನ್ಯಾಯಾಸನದ ಮೇಲಿದ್ದರೆ ಆ ಹಾಲಿನ ಲೋಟ ಒಂದೇ ನನಗೆ ಸಾಕಾಗುತ್ತಿತ್ತು.

ಹಾಗಾದರೆ ಹುಡುಗಿಯು ದಿನಚರಿಯಲ್ಲಿ ಬಾಬನ ಹೆಸರನ್ನು ಯಾಕೆ ಬರೆದಳು? ಸುಳ್ಳು ಬರೆದಳೋ? ಇಲ್ಲ. ರಾತ್ರಿ ಕಿಟಿಕಿಯಿಂದ ಬರುವವನೂ ಬೆಳಿಗ್ಗೆ ಮೇಜಿನ ಬಳಿ ಕೂತು, ಕೈ ತೊಳೆದಿಯಾ ಮಗಳೇ ಎಂದು ಕೇಳುವವನೂ ಒಬ್ಬನೇ ಎಂದು ತಿಳಿಯುವದಕ್ಕೆ ಮಗುವಿನ ಮನಸ್ಸಿಗೆ ಶಕ್ತಿ ಸಾಲದು. ತಿಳಿದರೆ ಅವಳು ಆ ಮನೆಯಲ್ಲಿ ಒಂದು ದಿನವೂ ಬದುಕಲಾರಳು. ಆದಕಾರಣ ತಂದೆಯ ಮುಖದ ಮೇಲೆ ದೆವ್ವದ ಮುಖವನ್ನು ಇಟ್ಟಳು. ದೊಡ್ಡವರು ದೆವ್ವವೆನ್ನುವದು ತಪ್ಪಿಸಿಕೊಳ್ಳುವದಕ್ಕೆ. ಮಕ್ಕಳು ದೆವ್ವವೆನ್ನುವದು ಹೇಳಲಾರದ್ದನ್ನು ಹೇಳುವದಕ್ಕೆ. ಮಾತು ಒಂದೇ ಆದರೂ ಇವೆರಡರ ಭೇದವನ್ನು ಅರಿಯದೆ ನಾನು ಒಂದು ದೊಡ್ಡ ತಪ್ಪು ಮಾಡಿದೆನು.

ಉಪದೇಶಿಯಾಗಿ ನೇಮಕವಾದ ಎರಡನೆಯ ವರುಷದಲ್ಲಿ ನನ್ನನ್ನು ಒಂದು ಮನೆಗೆ ಕರೆದರು. ಹದಿಮೂರು ವರುಷದ ಹುಡುಗಿ. ಊಟ ಬಿಟ್ಟಿದ್ದಳು, ರಾತ್ರಿ ಚೀರಿಕೊಂಡು ಏಳುತ್ತಿದ್ದಳು, ಹಾಸಿಗೆಯ ಕಾಲದೆಸೆಯಲ್ಲಿ ಒಬ್ಬನು ಬಂದು ನಿಲ್ಲುತ್ತಾನೆ ಎನ್ನುತ್ತಿದ್ದಳು. ಗಾಳಿ ಸೋಕಿದೆ ಎಂದು ಮನೆಯವರು ಹೇಳಿದರು. ನಾನು ಆಗ ಹೊಸಬ, ಉತ್ಸಾಹ ಬಹಳ. ಅವಳ ತಲೆಯ ಮೇಲೆ ಕೈಯಿಟ್ಟು, ಅಶುದ್ಧಾತ್ಮವೇ ಹೊರಡು ಎಂದು ಗಟ್ಟಿಯಾದ ಶಬ್ದದಿಂದ ಆಜ್ಞಾಪಿಸಿದೆನು. ನನ್ನ ಕೈ ತಾಗಿದೊಡನೆ ಅವಳು ಗೋಡೆಯ ಕಡೆಗೆ ಮುದುರಿಕೊಂಡಳು. ದೆವ್ವವು ಹೆದರಿತೆಂದು ನಾನು ಎಣಿಸಿದೆನು. ಮನೆಯವರು ಕಾಫಿ ಕೊಟ್ಟರು. ಅವಳ ಚಿಕ್ಕಪ್ಪನು ಎಲ್ಲರಿಗಿಂತಲೂ ಹೆಚ್ಚು ಸಂತೋಷಪಟ್ಟು, ನನ್ನ ಸೈಕಲನ್ನು ತಾನೇ ಹಿಡಿದುಕೊಂಡು ರಸ್ತೆಯ ವರೆಗೂ ಬಂದು ಕಳುಹಿಸಿಕೊಟ್ಟನು. ಎರಡು ವರುಷಗಳ ಮೇಲೆ ಬೇರೆ ಊರಿನ ಸಭೆಯಲ್ಲಿ ಅವಳ ಅಜ್ಜಿಯು, ತಾಯಿಯ ತಾಯಿ, ನನಗೆ ಸಿಕ್ಕಿದಳು. ಹುಡುಗಿಯನ್ನು ತನ್ನ ಬಳಿಗೆ ಕರೆದುಕೊಂಡು ಹೋಗಿದ್ದಳಂತೆ. ಅಲ್ಲಿ ಯಾವ ಗಾಳಿಯೂ ಸೋಕಲಿಲ್ಲ. ಒಂದು ರಾತ್ರಿ ಒಲೆಯ ಮುಂದೆ ಕೂತು ಮಗು ಎಲ್ಲವನ್ನು ಹೇಳಿತು. ಯಾರೆಂಬದನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ. ಅಜ್ಜಿಯು ನನ್ನನ್ನು ಬಯ್ಯಲಿಲ್ಲ. "ಅಯ್ಯಾ, ನೀವು ದೆವ್ವವನ್ನು ಮಾತಾಡಿಸಿದಿರಿ, ಮಗುವನ್ನು ಮಾತಾಡಿಸಲಿಲ್ಲ" ಎಂದಳು, ಅಷ್ಟೇ.

ಲಾರಾಳ ಶವಸಂಸ್ಕಾರದ ದಿನ ಒಂದು ಸಂಗತಿ ನಡೆಯುತ್ತದೆ. ಗುಂಡಿಯ ಸುತ್ತಲೂ ಊರಿನ ಗೌರವಸ್ಥರೆಲ್ಲರು ಕರೀ ವಸ್ತ್ರ ಧರಿಸಿ ನಿಂತಿರುತ್ತಾರೆ. ಅವಳನ್ನು ಪ್ರೀತಿಸಿದ ಬಾಬಿ ಎಂಬ ಪೋಲಿ ಹುಡುಗನೊಬ್ಬನು ಅವರ ನಡುವೆ ಎದ್ದು, ಅವಳು ಕಷ್ಟದಲ್ಲಿದ್ದಾಳೆಂದು ನಿಮಗೆಲ್ಲಾ ಗೊತ್ತಿತ್ತು, ಒಬ್ಬರೂ ಏನೂ ಮಾಡಲಿಲ್ಲ, ಅವಳನ್ನು ಕೊಂದವರು ನಾವೆಲ್ಲರೇ ಎಂದು ಕೂಗುತ್ತಾನೆ. ಜನರು ಅವನನ್ನು ಹಿಡಿದು ಎಳೆಯುತ್ತಾರೆ. ತಂದೆಯು ಮಗಳ ಪೆಟ್ಟಿಗೆಯ ಮೇಲೆ ಬಿದ್ದು ಗೋಳಾಡುತ್ತಾನೆ. ಎಲ್ಲರ ಕರುಣೆಯೂ ಆ ತಂದೆಯ ಕಡೆಗೆ ಹರಿಯುತ್ತದೆ. ದಾವೀದನ ಮನೆಯಲ್ಲಿಯೂ ಹೀಗೆಯೇ ಅಲ್ಲವೋ? ತಾಮಾರಳು ತಲೆಯ ಮೇಲೆ ಬೂದಿ ಹಾಕಿಕೊಂಡು, ಅಂಗಿಯನ್ನು ಹರಿದುಕೊಂಡು, ಕೂಗುತ್ತಾ ಹೋದಳು. ಅಬ್ಷಾಲೋಮನು ಅವಳಿಗೆ ಸುಮ್ಮನಿರೆಂದನು. ದಾವೀದನಿಗೆ ಬಹಳ ಕೋಪ ಬಂದಿತೆಂದು ಬರೆದದೆ. ಅಮ್ನೋನನಿಗೆ ಅವನು ಏನಾದರೂ ಮಾಡಿದನೆಂದು ಬರೆದಿಲ್ಲ. ಆ ಅಧ್ಯಾಯದಲ್ಲಿ ದುರಾತ್ಮದ ಮಾತೇ ಇಲ್ಲ. ಅಣ್ಣನು, ರೋಗದ ನೆವ, ರೊಟ್ಟಿ ಸುಡುವ ತಂಗಿ, ಮುಚ್ಚಿದ ಬಾಗಿಲು ಇಷ್ಟೇ ಇವೆ.

ಸುಮ್ಮನಿರೆನ್ನುವವರಿಗೆ ಈಗ ದೇಶದ ಕಾನೂನೂ ಅಡ್ಡವಾಗಿದೆ. ಪೋಕ್ಸೋ ಎಂದು ಕರೆಯುವ 2012ರ ಕಾಯಿದೆಯ ಮೇರೆಗೆ, ಹದಿನೆಂಟು ವರುಷ ತುಂಬದ ಮಗುವಿಗೆ ಇಂಥಾ ಕೇಡಾಗಿದೆಯೆಂದು ತಿಳಿದ ಯಾವನೇ ಆಗಲಿ ಪೋಲೀಸರಿಗೆ ತಿಳಿಸಲೇಬೇಕು; ತಿಳಿಸದವನಿಗೆ ಆರು ತಿಂಗಳ ವರೆಗೆ ಸೆರೆಯಾಗಬಹುದು. ಉಪದೇಶಿಗೆ ಇದರಲ್ಲಿ ವಿನಾಯಿತಿ ಇಲ್ಲ, ಇರಲೂ ಬಾರದು. ಮಕ್ಕಳ ಸಹಾಯಕ್ಕಾಗಿ 1098 ಎಂಬ ಫೋನ್ ಸಂಖ್ಯೆಯುಂಟು. ಅದಕ್ಕೆ ಕಾಸು ತಗಲುವದಿಲ್ಲ.

ಮೊನ್ನೆ ಆ ಯೌವನಸ್ಥನು ಮತ್ತೆ ಬಂದಾಗ ಇದನ್ನೆಲ್ಲಾ ಅವನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಯ್ಯನವರೇ, ದೆವ್ವವೇ ಇಲ್ಲವೆನ್ನುತ್ತೀರೋ?" ಎಂದು ಕೇಳಿದನು. ಇಲ್ಲವೆಂದು ನಾನು ಹೇಳಲಾರೆನು. ಅದು ನನ್ನ ಅಳತೆಗೆ ಮೀರಿದ್ದು. ಆದರೆ ಅಂಥಾ ಮನೆಗೆ ಈಗ ಕರೆ ಬಂದರೆ ನಾನು ಒಬ್ಬನೇ ಹೋಗುವದಿಲ್ಲ. ನನ್ನ ಹೆಂಡತಿಯೂ ಸಭೆಯ ಒಬ್ಬ ಹಿರಿಯ ತಾಯಿಯೂ ಸಂಗಡ ಬರುತ್ತಾರೆ. ಅವರು ಮಗುವನ್ನು ಕರೆದುಕೊಂಡು ಹಿತ್ತಲಿನ ಬಾವಿಯ ಕಟ್ಟೆಗೆ ಹೋಗಿ ಕೂಡ್ರುತ್ತಾರೆ, ಎಷ್ಟು ಹೊತ್ತಾದರೂ ಸರಿ. ನಾನು ಪಡಸಾಲೆಯಲ್ಲಿ ಗಂಡಸರ ಸಂಗಡ ಮಳೆ ಬೆಳೆಗಳ ಮಾತಾಡುತ್ತಾ ಇದ್ದು, ಅವರಲ್ಲಿ ಯಾರು ಮೆಲ್ಲಗೆ ಎದ್ದು ಹಿತ್ತಲಿನ ಕಡೆಗೆ ಹೋಗುತ್ತಾರೋ ನೋಡುತ್ತಿರುತ್ತೇನೆ.